ಕೆರೆ ತುಂಬಿದರೆ ಸಾಲದು, ನೀರೂ ನೆಟ್ಟಗಿರಬೇಕು

ಬೆಂಗಳೂರಿನಿಂದ ಹಳೇ ಮದ್ರಾಸು ರಸ್ತೆಯಲ್ಲಿ ಹೊಸಕೋಟೆಗೆ ಬರುವಾಗ ಕೆ.ಆರ್. ಪುರ ದಾಟಿದ ಮೇಲೆ ಎಲೆ ಮಲ್ಲಪ್ಪಶೆಟ್ಟಿ ಕೆರೆ ಸಿಗುತ್ತದೆ. ಐನೂರು ಎಕರೆಗೆ ಹತ್ತಿರದ ಕೆರೆ. ಬರಗಾಲದಲ್ಲಿ ಜನ ಒದ್ದಾಡುವುದನ್ನು ನೋಡಲಾರದೆ ವೀಳ್ಯದೆಲೆ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು ಅಂತ ಹಿರಿಯರು ಹೇಳ್ತಾರೆ. ಎಲೆ ಮಾರಿದ ದುಡ್ಡಲ್ಲಿ ಕಟ್ಟಿದ ಆ ಕೆರೆಗೆ ಪಟ್ಟಣದ ಬಚ್ಚಲ ನೀರು ಬಂದು ಸೇರುತ್ತಿದೆ. ಅಂತರಗಂಗೆ ಹಬ್ಬಿದಾಗ ಬಸ್ಸಿನಿಂದ ನೋಡಿದರೆ ಹಸಿರು ಗದ್ದೆಯೇ ಅನ್ನಬೇಕು.

ನಮ್ಮದು ಮಳೆ ನಂಬಿದ ಸೀಮೆ. ದಕ್ಷಿಣ ಪಿನಾಕಿನಿ ಹೆಸರಿಗೆ ನದಿ. ಬೋರು ಸಾವಿರ ಅಡಿ ದಾಟಿದೆ. ಹೀಗಿರುವಾಗ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆ ತುಂಬಿಸ್ತೀವಿ ಅಂದರೆ ಬೇಡ ಅನ್ನೋ ರೈತ ಯಾರು? ನಾನೂ ಬೇಕು ಅಂತ ಕೈ ಎತ್ತಿದವನೇ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಪಕ್ಕದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈನಲ್ಲಿ ಅಲ್ಲಿ ನೊರೆ ಎದ್ದಿತು. ಹೈಕೋರ್ಟು ಸ್ವಲ್ಪ ಕಾಲ ನೀರು ನಿಲ್ಲಿಸಿತು. ಆಮೇಲೆ ಮತ್ತೆ ಹರಿಯಿತು. ಬತ್ತಿದ್ದ ಬಾವಿ, ಬೋರುಗಳಲ್ಲಿ ನೀರು ಮೇಲೆ ಬಂದಿದ್ದೂ ನಿಜ. ಎರಡನ್ನೂ ಹೇಳಬೇಕು.

ನನ್ನ ಹುರುಳಿಕಾಯಿ ಕಥೆ

ನಮ್ಮೂರ ಸಣ್ಣ ಕೆರೆಗೂ ಮೇಲಿನ ಲೇಔಟುಗಳ ಬಚ್ಚಲ ನೀರು ಇಳಿಯುತ್ತದೆ. ಏರಿ ಕೆಳಗೆ ನನಗೆ ಅರ್ಧ ಎಕರೆ ಬಾವಿ ಜಮೀನಿದೆ, ಮಿಕ್ಕಿದ್ದು ರಾಗಿ ಹೊಲ. ಬಾವಿಯಲ್ಲಿ ನೀರು ಬಂತಲ್ಲ ಅಂತ ಖುಷಿಯಿಂದ ಹುರುಳಿಕಾಯಿ ಹಾಕಿದೆ. ಮೊದಲ ವರ್ಷ ಗಿಡ ಕಪ್ಪು ಹಸಿರು. ಎರಡನೇ ವರ್ಷ ಎಲೆ ಅಂಚು ಸುಟ್ಟಂತಾಗಿ ಕಾಯಿ ಕಟ್ಟಲಿಲ್ಲ. ರೋಗ ಅಂತ ಎರಡು ಸಲ ಔಷಧಿ ಹೊಡೆದೆ. ದುಡ್ಡು ಹೋಯಿತು.

ಊರಿನ ಹಳೇ ನೀರುಗಂಟಿ ತಾತ ಮಡಿಯಲ್ಲಿ ಮಣ್ಣು ಮುಟ್ಟಿ ನೋಡಿ, "ಇದು ರೋಗ ಅಲ್ಲ ಕಣಪ್ಪ, ಉಪ್ಪು. ಮೊದಲು ಬೇಸಿಗೇಲಿ ಕೆರೆ ಒಣಗೋದು, ಮಳೆಗಾಲದಲ್ಲಿ ಕೋಡಿ ಹೋಗೋದು. ಈಗ ಒಣಗೋದೂ ಇಲ್ಲ, ತೊಳೆಯೋದೂ ಇಲ್ಲ" ಅಂದರು. ನೀರು ಪರೀಕ್ಷೆ ಮಾಡಿಸಿದೆ. ತಾತನ ಮಾತೇ ಸರಿಯಾಯಿತು.

ಶುದ್ಧ ಮಾಡಿದ ನೀರಿನಲ್ಲಿ ಏನು ಉಳಿಯುತ್ತದೆ?

ಕೊಳಚೆ ನೀರಿನ ಶುದ್ಧೀಕರಣದಲ್ಲಿ ಎರಡನೇ ಹಂತ ಮುಗಿದರೆ ಕೊಳೆಯುವ ಕಸ ಬಹುಪಾಲು ಹೋಗುತ್ತದೆ. ಆ ಕಸ ನೀರಿನಲ್ಲಿರುವ ಆಮ್ಲಜನಕವನ್ನು ಎಷ್ಟು ತಿನ್ನುತ್ತದೆ ಅನ್ನೋ ಲೆಕ್ಕಕ್ಕೆ ಬಿ.ಓ.ಡಿ. ಅಂತಾರೆ. ಲೀಟರಿಗೆ 10 ಮಿಲಿಗ್ರಾಂ ಒಳಗಿರಬೇಕು ಅಂತ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದೆ. ಆದರೆ ಸಾರಜನಕ, ರಂಜಕಗಳನ್ನು ತೆಗೆಯಲು ಬೇರೆ ವ್ಯವಸ್ಥೆ ಬೇಕು. ಇಲ್ಲದಿದ್ದರೆ ಅವು ನೀರಲ್ಲೇ ಉಳಿದು ಅಂತರಗಂಗೆಗೆ ಗೊಬ್ಬರವಾಗುತ್ತವೆ. ಕರಗಿದ ಉಪ್ಪಂತೂ ಮಾಮೂಲಿ ಘಟಕದಲ್ಲಿ ಹೋಗುವುದೇ ಇಲ್ಲ.

ಲೆಕ್ಕ ಹಾಕಿ. ಲೀಟರಿಗೆ 800 ಮಿಲಿಗ್ರಾಂ ಉಪ್ಪಿದೆ ಅಂತ ಇಟ್ಟುಕೊಳ್ಳಿ. ಒಂದು ಎಕರೆಗೆ ನಾಲ್ಕು ಅಂಗುಲ ನೀರು ಕಟ್ಟಿದರೆ ನಾಲ್ಕು ಲಕ್ಷ ಲೀಟರ್ ದಾಟುತ್ತದೆ. ಹೊಲಕ್ಕೆ ಬಿದ್ದ ಉಪ್ಪು ಮುನ್ನೂರು ಕೆ.ಜಿ.ಗೂ ಹೆಚ್ಚು! ಜೋರು ಮಳೆ ತೊಳೆಯದಿದ್ದರೆ ಅದು ಮಣ್ಣಲ್ಲೇ ಕೂರುತ್ತದೆ. ಕೋಡಿ ಹರಿಯದ ಕೆರೆಯಲ್ಲೂ ಇದೇ ಕಥೆ. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ.

ಇನ್ನೊಂದು ಮಾತು. ಈವತ್ತು ಕೊಳಚೆ ನಿಲ್ಲಿಸಿದರೂ ನಾಳೆಗೇ ಕೆರೆ ತಿಳಿಯಾಗುವುದಿಲ್ಲ. ತಳದ ಹೂಳಿನಲ್ಲಿ ಕೂತ ರಂಜಕ ವರ್ಷಗಟ್ಟಲೆ ನೀರಿಗೆ ಬಿಟ್ಟುಕೊಳ್ಳುತ್ತಲೇ ಇರುತ್ತದೆ. ಇಂಥ ಕೆರೆಯ ಹೂಳನ್ನು ಹಿಂದಿನಂತೆ ಕಣ್ಣು ಮುಚ್ಚಿ ಹೊಲಕ್ಕೆ ಹೊಡೆಯಬೇಡಿ. ಕಾರ್ಖಾನೆ ನೀರು ಸೇರಿದ್ದರೆ ಸೀಸ, ಕ್ರೋಮಿಯಂನಂಥ ಲೋಹ ಇರಬಹುದು. ಪರೀಕ್ಷೆ ಆಗಲಿ.

ಜೊಂಡಿನ ದಾರಿ

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಘಟಕದಿಂದ ಬಂದ ನೀರನ್ನು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾಯಿಸಿ ಆಮೇಲೆ ಕೆರೆಗೆ ಬಿಡುವ ಏರ್ಪಾಡು ಮಾಡಿದರು. ಜೊಂಡು ರಂಜಕ, ಸಾರಜನಕ ಕುಡಿಯುತ್ತದೆ. ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಬೇಕು, ಬಿಟ್ಟರೆ ಅಲ್ಲೇ ಕೊಳೆತು ಮತ್ತೆ ನೀರಿಗೆ ಸೇರುತ್ತದೆ.

ಅಮೆರಿಕಾದ ಫ್ಲೋರಿಡಾದಲ್ಲಿ ಎವರ್‌ಗ್ಲೇಡ್ಸ್ ಅನ್ನುವ ಭಾರೀ ಜೌಗು ಸೀಮೆ ಇದೆ. ಅದನ್ನು ಉಳಿಸಲು ಐವತ್ತು ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿ ಇಂಥದೇ ಜೌಗು ಕಟ್ಟಿದ್ದಾರೆ. ಅಲ್ಲಿ ರಂಜಕ ಹೆಚ್ಚಾಗಿ ಬಂದದ್ದು ಪಟ್ಟಣದಿಂದಲ್ಲ, ಕಬ್ಬು ಮುಂತಾದ ಬೆಳೆಯ ಹೊಲಗಳಿಂದ. ನಾವು ಕೈಗೆ ಬಂದಂತೆ ಡಿ.ಎ.ಪಿ. ಎರಚುವಾಗ ಇದು ನೆನಪಿರಲಿ. ಮಳೆಗೆ ಕೊಚ್ಚಿದ ಗೊಬ್ಬರ ಹೋಗುವುದೂ ಕೆರೆಗೇ.

ನಾವು ಮಾಡಬೇಕಾದ್ದು

ನೀರನ್ನು ಹಾದೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಜಿ.ಕೆ.ವಿ.ಕೆ.ಯಲ್ಲೋ ವಿಚಾರಿಸಿ ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ಇ.ಸಿ. ಅಂತ ಇರುತ್ತದೆ. 0.7ರ ಒಳಗಿದ್ದರೆ ಭಯವಿಲ್ಲ. 3 ದಾಟಿದರೆ ಸಹವಾಸ ಬೇಡ. ನಡುವೆ ಇದ್ದರೆ ಬೆಳೆ ನೋಡಿ ಹಾಕಬೇಕು. ಹುರುಳಿಕಾಯಿ ಉಪ್ಪು ತಡೆಯುವುದಿಲ್ಲ, ನಾನು ಕಲಿತ ಪಾಠ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಗೆ ಈ ನೀರು ಬೇಡ.

ನಿಮ್ಮ ಕೆರೆಗೆ ಪೈಪು ಬರುತ್ತದೆ ಅಂದರೆ ಗ್ರಾಮಸಭೆಯಲ್ಲಿ ನಾಲ್ಕು ಮಾತು ಕೇಳಿ. ಯಾವ ಹಂತದ ತನಕ ಶುದ್ಧ ಮಾಡ್ತೀರಿ? ತಿಂಗಳ ಪರೀಕ್ಷೆ ಚೀಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸ್ತೀರಾ? ಕೆರೆ ಬಾಯಲ್ಲಿ ಜೊಂಡಿಗೆ ಜಾಗ ಬಿಡ್ತೀರಾ? ಘಟಕ ಕೆಟ್ಟ ದಿನ ನೀರು ನಿಲ್ಲಿಸೋರು ಯಾರು?

ನೀರು ಬೇಡ ಅನ್ನುವ ಸ್ಥಿತಿಯಲ್ಲಿ ನಾವಿಲ್ಲ. ಅದಕ್ಕೇ ಕೇಳಿ ತೊಗೊಳ್ಳೋಣ. ಒಮ್ಮೆ ಚೌಳಾದ ಮಣ್ಣನ್ನು ಸರಿ ಮಾಡುವುದು ಸಣ್ಣ ರೈತನ ಕೈಲಾಗುವ ಕೆಲಸವಲ್ಲ. ನನ್ನ ಅರ್ಧ ಎಕರೆ ಈಗ ಎರಡು ಮಳೆಗಾಲದಿಂದ ಬೀಡು ಬಿದ್ದಿದೆ, ಮಳೆ ತೊಳೆಯಲಿ ಅಂತ ಕಾಯ್ತಾ ಇದ್ದೇನೆ. ನಿಮ್ಮೂರ ಕೆರೆ ನೀರಿನ ಅನುಭವವನ್ನೂ ಬರೆಯಿರಿ.