ಭಂಕೂರದ ಮಕ್ಕಳ ದಾರಿ ಯಾವುದು?

ಶಹಾಬಾದಿನ ಮಗ್ಗುಲಲ್ಲೇ ಇರುವ ಭಂಕೂರ ಇಂದು ಪೂರ್ತಿ ಹಳ್ಳಿಯಾಗಿ ಉಳಿದಿಲ್ಲ, ಪಟ್ಟಣವೂ ಆಗಿಲ್ಲ. ಪರ್ಸಿ ಕಲ್ಲು ಮತ್ತು ಸಿಮೆಂಟ್ ಈ ಭಾಗದ ಊರುಗಳನ್ನು ಬೆಳೆಸಿದವು. ಶಹಾಬಾದ್ ತಾಲ್ಲೂಕು ಕೇಂದ್ರವಾಗುವುದೆಂದು 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಮೇಲೆ ಕಚೇರಿ ಕೆಲಸಕ್ಕೆ ಚಿತ್ತಾಪುರಕ್ಕೆ ಅಲೆಯುತ್ತಿದ್ದ ಜನರ ದಿಕ್ಕೂ ಬದಲಾಯಿತು. ಆದರೆ ಶಾಲೆ, ಕಾಲೇಜು, ಆಸ್ಪತ್ರೆ, ಕೆಲಸ ಎಲ್ಲವೂ ಮನೆ ಬಾಗಿಲಲ್ಲಿ ಸಿಗುವುದಿಲ್ಲ. ಕೆಲವರು ಶಹಾಬಾದಿಗೆ, ಕೆಲವರು ವಾಡಿಗೆ, ಇನ್ನು ಕೆಲವರು ಕಲಬುರಗಿಗೆ ಹೋಗಲೇಬೇಕು. ಹೋಗುವುದು ಹೇಗೆ ಎಂಬುದೇ ಪ್ರಶ್ನೆ.

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಒಂದು ಮೋಟಾರ್ ಸೈಕಲ್. ಬಸ್ಸು ತಪ್ಪಿದರೆ ಟಂಟಂ. ಆದರೆ ಎಲ್ಲರೂ ಹೀಗೆಯೇ ಹೊರಟರೆ ರಸ್ತೆ ತಾಳೀತೇ? ಸರಳ ಲೆಕ್ಕವೊಂದನ್ನು ಮಾಡೋಣ. ಗಂಟೆಗೆ 40 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಮುಂದಿನ ವಾಹನದಿಂದ ಎರಡು ಸೆಕೆಂಡಿನ ಅಂತರ ಇರಬೇಕು, ಅಂದರೆ 22 ಮೀಟರ್. ಐವತ್ತು ಜನ ಇಬ್ಬಿಬ್ಬರಂತೆ 25 ಮೋಟಾರ್ ಸೈಕಲ್‌ಗಳಲ್ಲಿ ಹೊರಟರೆ ಸಾಲಿನ ಉದ್ದ ಸುಮಾರು 600 ಮೀಟರ್. ಎರಡು ಸಾಲಾಗಿ ಓಡಿದರೂ 300 ಮೀಟರ್. ಅದೇ ಐವತ್ತು ಜನ ಒಂದು ಬಸ್ಸಿನಲ್ಲಿ ಕುಳಿತರೆ, ಬಸ್ಸಿನ 12 ಮೀಟರ್ ಉದ್ದವೂ ಸೇರಿ 34 ಮೀಟರ್ ಸಾಕು! 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದೂ ಇದನ್ನೇ: ರಸ್ತೆ ಇರುವುದು ಜನರ ಸಂಚಾರಕ್ಕೆ, ವಾಹನಗಳ ಸಂಚಾರಕ್ಕಲ್ಲ.

ಇನ್ನು ಜೀವದ ಲೆಕ್ಕ. ವಾಹನದ ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತೇವೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಒಣ ರಸ್ತೆ, ಒಳ್ಳೆಯ ಬ್ರೇಕು ಇದ್ದರೂ 30 ಕಿ.ಮೀ. ವೇಗದ ವಾಹನ ನಿಲ್ಲಲು ಹೆಚ್ಚು ಕಡಿಮೆ 15 ಮೀಟರ್ ಬೇಕು, 60 ಕಿ.ಮೀ. ವೇಗದಲ್ಲಾದರೆ 45 ಮೀಟರ್. ಕಲ್ಲು ತುಂಬಿದ ಲಾರಿಗೆ ಇದಕ್ಕಿಂತಲೂ ಹೆಚ್ಚು. ಇಂಥ ಲಾರಿಗಳು ಓಡುವ ರಸ್ತೆಯ ಅಂಚಿನಲ್ಲೇ ಮಕ್ಕಳು ಪುಸ್ತಕದ ಚೀಲ ಹೊತ್ತು ನಡೆಯಬೇಕಾದರೆ ಪಾದಚಾರಿ ದಾರಿಯನ್ನು ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಬೇಕಾದ ಹಾಸುಗಲ್ಲು ದೂರದಿಂದ ಬರಬೇಕಾಗಿಯೂ ಇಲ್ಲ. ದೇಶದ ಎಷ್ಟೋ ಊರುಗಳ ಮನೆಗಳಿಗೆ ನೆಲ ಹಾಸಿದ ಶಹಾಬಾದಿನ ಕಲ್ಲು ಇಲ್ಲೇ ಇದೆ! ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಈ ಸೀಮೆಯಲ್ಲಿ ದಾರಿಗೆ ನೆರಳೂ ಬೇಕು. ಎರಡು ಬದಿ ಬೇವಿನ ಮರವಿಲ್ಲದ ದಾರಿಯಲ್ಲಿ ಮಧ್ಯಾಹ್ನ ಯಾರು ನಡೆದಾರು?

ಸೈಕಲ್ಲಿನ ಮಾತೂ ಇದೇ. ಕಾಲು ಗಂಟೆಯಲ್ಲಿ ನಡೆದು ಸುಮಾರು ಒಂದೂಕಾಲು ಕಿ.ಮೀ. ಸಾಗಬಹುದು, ಸೈಕಲ್ಲಿನಲ್ಲಿ ಮೂರೂವರೆಯಿಂದ ನಾಲ್ಕು ಕಿ.ಮೀ. ನೆರೆಯ ಊರಿನ ಶಾಲೆಗೆ ಇಷ್ಟು ಸಾಕಲ್ಲವೇ? ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗಲು ಅನುಕೂಲವಾಯಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರ ಬಸ್ ಟಿಕೆಟ್ಟಿನ ಹೊರೆಯನ್ನು ಇಳಿಸಿತು. ಆದರೆ ತುಂಬಿ ಬಂದ ಬಸ್ಸು ನಿಲ್ಲದೆ ಹೋದರೆ ಉಚಿತ ಟಿಕೆಟ್ಟಿನಿಂದೇನು? ಮಗಳು ದಿನವೂ ಕತ್ತಲಾದ ಮೇಲೆ ಮನೆಗೆ ಬರುವಂತಾದರೆ, ಕಾಲೇಜು ಬಿಡಿಸುವ ಮಾತು ಎಷ್ಟೋ ಮನೆಗಳಲ್ಲಿ ಎದ್ದೇ ಏಳುತ್ತದೆ. ಸಾರಿಗೆ ಯೋಜನೆಯ ನಿಜವಾದ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಗಂಡುಮಕ್ಕಳ ಕಥೆ ಬೇರೆ. ಹದಿನೈದು ತುಂಬುವ ಮೊದಲೇ ಕೈಗೆ ಬೈಕಿನ ಕೀಲಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ತಪ್ಪೆಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಪ್ರೀತಿಯಿಂದ ಕೊಟ್ಟ ಉಡುಗೊರೆಗೆ ಇದು ದುಬಾರಿ ಬೆಲೆಯೇ ಸರಿ.

ದೂರದ ಪ್ರಯಾಣಕ್ಕೆ ಈ ಭಾಗಕ್ಕೆ ದೊರೆತ ಭಾಗ್ಯ ರೈಲು. ಮುಂಬಯಿಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ರೈಲು ಓಡಿತು. ಕಲಬುರಗಿ, ಶಹಾಬಾದ್, ವಾಡಿ ಒಂದೇ ಹಳಿಯ ಮೇಲಿನ ಮಣಿಗಳು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗಿನ ತಡೆ ರಬ್ಬರ್ ಗಾಲಿಯದರ ಹಲವು ಪಟ್ಟು ಕಡಿಮೆ. ಆದ್ದರಿಂದಲೇ ರೈಲಿಗೆ ಇಂಧನ ಕಡಿಮೆ ಸಾಕು. ಈಗ ಅದು ವಿದ್ಯುತ್ತಿನಲ್ಲೇ ಓಡುತ್ತದೆ. (ಆ ವಿದ್ಯುತ್ತಿನ ಒಂದು ಪಾಲು ಕಲ್ಲಿದ್ದಲಿನಿಂದಲೇ ಬರುತ್ತದೆ ಎಂಬುದನ್ನೂ ಮರೆಯಬಾರದು.) ಕೊರತೆ ಇರುವುದು ಹಳಿಯಲ್ಲಲ್ಲ. ಕಾಲೇಜಿನ ವೇಳೆಗೆ ಸರಿಯಾಗಿ ಬಂದು ನಿಲ್ಲುವ ಪ್ಯಾಸೆಂಜರ್ ಗಾಡಿ ಬೇಕು, ನಿಲ್ದಾಣದಿಂದ ಭಂಕೂರಕ್ಕೆ ಹೊರಡುವ ಬಸ್ಸು ಅದಕ್ಕೆ ಹೊಂದಿಕೊಳ್ಳಬೇಕು.

ಒಂದೇ ಸಾಲಿನಲ್ಲಿ ಬೆಳೆದ ಊರುಗಳಿಗೆ ರಾಜ್ಯದಲ್ಲಿ ಹುಬ್ಬಳ್ಳಿ-ಧಾರವಾಡದ ಉದಾಹರಣೆ ಇದೆ. ಅಲ್ಲಿ ಸುಮಾರು 22 ಕಿ.ಮೀ. ದಾರಿಯಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥ ಮಾಡಿ 2018ರಲ್ಲಿ 'ಚಿಗರಿ' ಬಸ್ಸುಗಳನ್ನು ಓಡಿಸಲಾಯಿತು. ವೇಗ ಸಿಕ್ಕಿತು, ಉಳಿದ ವಾಹನಗಳಿಗೆ ರಸ್ತೆ ಇಕ್ಕಟ್ಟಾಯಿತೆಂಬ ದೂರೂ ಎದ್ದಿತು. ಭಂಕೂರಕ್ಕೆ ಅಂಥ ಕೋಟಿಗಟ್ಟಲೆ ಖರ್ಚಿನ ಪಥ ಬೇಕಿಲ್ಲ. ಗಂಟೆ ತಪ್ಪದ ಬಸ್ಸು, ನೆರಳಿರುವ ನಿಲ್ದಾಣ, ಶಾಲೆಯ ವೇಳೆಯಲ್ಲಿ ಲಾರಿಗಳಿಗೆ ತಡೆ, ಇಷ್ಟರಿಂದಲೇ ಆರಂಭಿಸಬಹುದು.

ಹೈಸ್ಕೂಲಿನ ವಿದ್ಯಾರ್ಥಿಗಳು ಇದಕ್ಕೆ ಕೈಹಾಕಬಹುದು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಊರಿನ ಕೂಡುರಸ್ತೆಯ ಬಳಿ ಸುರಕ್ಷಿತ ಜಾಗದಲ್ಲಿ ನಿಂತು ಎಷ್ಟು ಲಾರಿ, ಎಷ್ಟು ಬೈಕು, ಎಷ್ಟು ಸೈಕಲ್, ಎಷ್ಟು ಜನ ನಡೆದುಹೋದರು, ಬಸ್ಸು ಎಷ್ಟು ನಿಮಿಷ ತಡ ಎಂದು ಒಂದು ವಾರ ಬರೆದಿಟ್ಟರೆ ವಿಜ್ಞಾನದ ಪ್ರಾಜೆಕ್ಟ್ ಆಗುತ್ತದೆ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ಸಾರಿಗೆ ಸಂಸ್ಥೆಯ ಡಿಪೊಕ್ಕೆ ಕಳಿಸಲು ಅವಕಾಶವಿದೆ.