ಹೈದರಾಬಾದ್ ಸಿಟಿ ಪೊಲೀಸ್: ನಾವು ಮರೆತ ನಮ್ಮ ತಂಡ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ಕಡೆಯ ಯಾವ ಬಯಲಿಗೆ ಹೋದರೂ ಸಂಜೆ ಹೊತ್ತು ಕಣ್ಣಿಗೆ ಬೀಳುವುದು ಕ್ರಿಕೆಟ್. ಕಬಡ್ಡಿ, ಕೊಕ್ಕೊ, ವಾಲಿಬಾಲಿಗೂ ಒಂದಷ್ಟು ಜಾಗ ಸಿಕ್ಕಿದೆ. ಜಾತ್ರೆ ಬಂದರೆ ಕುಸ್ತಿ ಇದ್ದೇ ಇದೆ. ಫುಟ್‌ಬಾಲ್ ಎಂದರೆ ಮಾತ್ರ ಅದು ಬಂಗಾಳದವರದು, ಗೋವಾದವರದು, ಕೇರಳದವರದು ಎಂಬ ಭಾವನೆ. ಆದರೆ ದೇಶದಲ್ಲೇ ಸೋಲಿಸಲಾಗದ ತಂಡ ಎಂದು ಹೆಸರಾಗಿದ್ದ ಒಂದು ಫುಟ್‌ಬಾಲ್ ತಂಡ ನಮ್ಮ ರಾಜ್ಯದ್ದೇ ಆಗಿತ್ತು. ಆಗ ನಮ್ಮ ರಾಜ್ಯ ಹೈದರಾಬಾದ್. ತಂಡದ ಹೆಸರು ಹೈದರಾಬಾದ್ ಸಿಟಿ ಪೊಲೀಸ್.

1956ರ ನವೆಂಬರ್ 1ರವರೆಗೆ ಈ ತಾಲ್ಲೂಕುಗಳು ರಾಯಚೂರು ಜಿಲ್ಲೆಯೊಂದಿಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ನಿಜಾಮನ ಕೊನೆಯ ದಿನಗಳೆಂದರೆ ನಮ್ಮ ಹಿರಿಯರಿಗೆ ರಜಾಕಾರರ ಹಾವಳಿಯ ದಿನಗಳು. ಆ ನೋವಿನಲ್ಲಿ ಹೈದರಾಬಾದಿನದೆಲ್ಲ ನಮಗೆ ಪರಕೀಯವಾಯಿತು, ಅದರ ಜೊತೆಗೆ ಈ ತಂಡವೂ ಹೋಯಿತು ಎಂದು ನನಗೆ ತೋರುತ್ತದೆ. ಹಾಗೆ ಬಿಟ್ಟುಕೊಡಬಾರದಿತ್ತು. ಈ ತಂಡ ಹೆಸರು ಮಾಡಿದ್ದು ನಿಜಾಮನ ಆಳ್ವಿಕೆ ಮುಗಿದ ಮೇಲೆಯೇ.

1891ರಲ್ಲಿ ಆರಂಭವಾದ ಮುಂಬಯಿಯ ರೋವರ್ಸ್ ಕಪ್ಪನ್ನು ಬಹುಕಾಲ ಗೆಲ್ಲುತ್ತಿದ್ದವರು ಬ್ರಿಟಿಷ್ ಸೈನಿಕ ತಂಡಗಳು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದವರು 1938ರಲ್ಲಿ ಮತ್ತೆ ಗೆದ್ದರು. ಅದೇ ಕಪ್ಪನ್ನು ಹೈದರಾಬಾದ್ ಸಿಟಿ ಪೊಲೀಸ್ 1950ರಿಂದ 1954ರವರೆಗೆ ಸತತ ಐದು ವರ್ಷ ಮನೆಗೆ ಒಯ್ದಿತು. ಸ್ವಾತಂತ್ರ್ಯಾನಂತರ ದೆಹಲಿಯಲ್ಲಿ ಮರುಜೀವ ಪಡೆದ ಡ್ಯುರಾಂಡ್ ಕಪ್ಪನ್ನೂ 1950ರಲ್ಲಿ ಅದೇ ಗೆದ್ದಿತು. ಅಂತಿಮ ಪಂದ್ಯದಲ್ಲಿ ಸೋತದ್ದು ಕಲ್ಕತ್ತೆಯ ಮೋಹನ್ ಬಾಗಾನ್. ಹಣ, ಹೆಸರು, ಪತ್ರಿಕೆಗಳ ಬೆಂಬಲ ಎಲ್ಲವೂ ಕಲ್ಕತ್ತೆಯ ಕಡೆಗಿದ್ದ ಕಾಲ ಅದು.

ಈ ಯಶಸ್ಸಿನ ಹಿಂದೆ ಇದ್ದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಮೇಷ್ಟರು. ಹುಟ್ಟಿದ್ದು 1909ರಲ್ಲಿ. ಹೈದರಾಬಾದ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿಯೂ ಅವರೇ, ಪೊಲೀಸ್ ತಂಡದ ತರಬೇತುದಾರರೂ ಅವರೇ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ನಾಲ್ಕಾರು ಜನರನ್ನು ವಂಚಿಸುವವನೇ ದೊಡ್ಡ ಆಟಗಾರ ಎನ್ನುತ್ತಿದ್ದ ದಿನಗಳಲ್ಲಿ ರಹೀಂ ಒಂದೇ ಸ್ಪರ್ಶದಲ್ಲಿ ಚೆಂಡು ದಾಟಿಸುವುದನ್ನು ಕಲಿಸಿದರು. ಬಲಗಾಲಿನವರು ಎಡಗಾಲಿನಲ್ಲೇ ಆಡಬೇಕು ಎಂಬ ನಿಯಮದ ಪಂದ್ಯಾವಳಿಗಳನ್ನೇ ನಡೆಸಿದರು. ಎಷ್ಟು ಸರಳ, ಎಷ್ಟು ಜಾಣ ಉಪಾಯ! ದುಬಾರಿ ಸಲಕರಣೆ ಬೇಡ, ವಿದೇಶಿ ತಜ್ಞರು ಬೇಡ. ಒಂದು ಚೆಂಡು, ಒಂದು ಬಯಲು, ತಲೆ ಓಡಿಸುವ ಒಬ್ಬ ಮೇಷ್ಟರು ಇದ್ದರೆ ಆಯಿತು. ಇತ್ತ ಪೊಲೀಸ್ ಇಲಾಖೆ ಆಟಗಾರರಿಗೆ ಕೆಲಸ ಕೊಟ್ಟಿತು. ತಿಂಗಳ ಸಂಬಳ ಖಾತ್ರಿಯಾದ ಹುಡುಗ ನಿಶ್ಚಿಂತೆಯಿಂದ ಮೈದಾನಕ್ಕಿಳಿಯುತ್ತಾನೆ.

ರಹೀಂ ಭಾರತ ತಂಡವನ್ನೂ ತಯಾರು ಮಾಡಿದರು. ಆ ಕಾಲದಲ್ಲಿ ಯೂರೋಪಿನ ದೊಡ್ಡ ಫುಟ್‌ಬಾಲ್ ಶಕ್ತಿಗಳಲ್ಲಿ ಯುಗೊಸ್ಲಾವಿಯವೂ ಒಂದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಅದರ ಎದುರು 10–1ರಿಂದ ಸೋತಿತು. ಭಾರತದ ಆ ಒಂದೇ ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಅದಾದ ಮೇಲೆ ಬೂಟು ಕಡ್ಡಾಯವಾಯಿತು. ಸೋಲಿನಿಂದ ಹೀಗೆ ಕಲಿತದ್ದು ಕಡಿಮೆಯ ಮಾತಲ್ಲ.

ನಾಲ್ಕು ವರ್ಷದ ನಂತರ ಅದೇ ಎದುರಾಳಿ ಮತ್ತೆ ಸಿಕ್ಕಿತು. ಆ ವರ್ಷದ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಒಂದು ತಿಂಗಳು ಕಳೆದು ಡಿಸೆಂಬರ್ ಮೊದಲ ವಾರದಲ್ಲಿ, ರಹೀಂ ತಯಾರು ಮಾಡಿದ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯದ ಎದುರು ನಿಂತಿತ್ತು. ಪೊಲೀಸ್ ತಂಡದ ನೂರ್ ಮೊಹಮ್ಮದ್, ಅಜೀಜುದ್ದೀನ್ ಆ ಬಳಗದಲ್ಲಿದ್ದರು. ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ನೆವಿಲ್ ಡಿಸೋಜ ಹೊಡೆದ ಗೋಲಿನಿಂದ ಮೊದಲು ಮುಂದೆ ಹೋದದ್ದು ಭಾರತವೇ. ಕೊನೆಗೆ 4–1ರ ಸೋಲಾದರೂ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಇಂದಿಗೂ ನಮ್ಮ ಅತ್ಯುತ್ತಮ ಸಾಧನೆ ಅದೇ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಮಣಿಸಿ ಚಿನ್ನ ಗೆದ್ದಾಗ ರಹೀಂ ಅವರನ್ನು ಕ್ಯಾನ್ಸರ್ ಹಣ್ಣು ಮಾಡಿತ್ತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. 2024ರ ‘ಮೈದಾನ್’ ಹಿಂದಿ ಚಿತ್ರ ಅವರ ಕತೆಯೇ.

ಪೊಲೀಸ್ ತಂಡ ಮುಂದೆ ಆಂಧ್ರ ಪೊಲೀಸ್ ಎಂದಾಯಿತು, ನಿಧಾನವಾಗಿ ಹಿಂದೆ ಸರಿಯಿತು. ನಾವು ಸೇರಿದ ಮೈಸೂರು ರಾಜ್ಯವೂ ಫುಟ್‌ಬಾಲಿನಲ್ಲಿ ಬಡವಾಗಿರಲಿಲ್ಲ. ಆ ಹೊತ್ತಿಗಾಗಲೇ ಎರಡು ಸಲ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. 1967–68, 1968–69ರಲ್ಲಿ ಮತ್ತೆರಡು ಸಲ ಗೆದ್ದಿತು. ಆಮೇಲೆ 54 ವರ್ಷಗಳ ಬರ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ ಕರ್ನಾಟಕದ ಬರ ಹಿಂಗಿತು. ಹೀಗೆ ಹೈದರಾಬಾದಿನದು, ಬೆಂಗಳೂರಿನದು, ಎರಡೂ ಪರಂಪರೆಗಳ ವಾರಸುದಾರರು ನಾವು.

ನಮ್ಮದು ಸಣ್ಣ ಊರು, ನಮ್ಮಿಂದೇನಾದೀತು ಎನ್ನುವವರು, ಆಗ ಅದೇ ಯುಗೊಸ್ಲಾವಿಯದ ಭಾಗವಾಗಿದ್ದ ಸರ್ಬಿಯದ ಬಾಚ್ಕಾ ಟೊಪೊಲಾ ನೋಡಬೇಕು. ಕುಷ್ಟಗಿಗಿಂತ ಚಿಕ್ಕದಾದ, ಹಂಗೇರಿಯನ್ ಮಾತಾಡುವವರೇ ಹೆಚ್ಚಿರುವ, ಹೊಲಗದ್ದೆಗಳ ನಡುವಿನ ಊರು. ಅಲ್ಲಿನ ಟಿಎಸ್‌ಸಿ ಕ್ಲಬ್ ಶುರುವಾದದ್ದು 1913ರಲ್ಲಿ. ದಶಕಗಟ್ಟಲೆ ಕೆಳದರ್ಜೆಯ ಲೀಗುಗಳಲ್ಲಿ ಆಡಿ, 2019ರಲ್ಲಿ ದೇಶದ ಮೇಲಿನ ಲೀಗಿಗೆ ಏರಿ, 2023ರಲ್ಲಿ ಯೂರೋಪಾ ಲೀಗ್‌ನಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ಎದುರು ಆಡಿತು. ಹಂಗೇರಿ ಸರ್ಕಾರದ ನೆರವಿನಿಂದ ಒಳ್ಳೆಯ ಕ್ರೀಡಾಂಗಣ ಎದ್ದದ್ದು ನಿಜ. ಆದರೆ ನೆರವು ಬರುವ ಹೊತ್ತಿಗೆ ಅಲ್ಲಿ ನೂರು ವರ್ಷದ ಒಂದು ಕ್ಲಬ್ ಉಸಿರಾಡುತ್ತಿತ್ತು.

ಕರ್ನಾಟಕದಲ್ಲಿ ಫುಟ್‌ಬಾಲ್ ಬೆಳೆದದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಆಮೇಲೆ ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳ ಆಸರೆಯಲ್ಲಿ. ಕಾರ್ಖಾನೆಗಳು ಈಗ ನಮ್ಮಲ್ಲೂ ಇವೆ. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಗಿಣಿಗೇರಿಯಲ್ಲಿ ಕಲ್ಯಾಣಿ ಸ್ಟೀಲ್ಸ್, ಭಾನಾಪುರದಲ್ಲಿ ಆಟಿಕೆ ಉದ್ಯಮ. ಇವರು ವರ್ಷಕ್ಕೆ ಹತ್ತು ಹನ್ನೆರಡು ಆಟಗಾರರಿಗೆ ಕೆಲಸ ಕೊಟ್ಟರೆ, ಪ್ರತಿ ತಾಲ್ಲೂಕಿನಲ್ಲೂ ಒಬ್ಬ ದೈಹಿಕ ಶಿಕ್ಷಕರು ಶಾಲೆ ಬಿಟ್ಟ ಮೇಲೆ ಎರಡು ತಾಸು ಮಕ್ಕಳಿಗೆ ಕೊಟ್ಟರೆ, ರಹೀಂ ಮೇಷ್ಟರು ಮಾಡಿದ್ದನ್ನು ಇಲ್ಲಿಯೂ ಶುರು ಮಾಡಬಹುದು. ಜಿಲ್ಲಾಡಳಿತ ಒಂದು ಅಂತರ ತಾಲ್ಲೂಕು ಪಂದ್ಯಾವಳಿಯನ್ನು ವರ್ಷ ತಪ್ಪದೆ ನಡೆಸಲಿ. ಅದಕ್ಕೆ ರಹೀಂ ಅವರ ಹೆಸರನ್ನೇ ಇಡಲಿ.