ಚಿಪ್ಪಿನ ಜೀವಿಗಳೂ ನಮ್ಮ ಊಟವೂ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಕೊಣನೂರು ಕಾವೇರಿಯ ದಡದಲ್ಲಿರುವ ಊರು. ಇಂತಹ ಹೊಳೆದಡದ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಗದ್ದೆಯ ಬದುಗಳ ಬಿಲಗಳಿಂದ ಏಡಿಗಳು ಹೊರಬೀಳುತ್ತವೆ. ಏಡಿಯ ಸಾರು ಅನೇಕ ಮನೆಗಳಲ್ಲಿ ಮೆಚ್ಚಿನ ಊಟ. ಅದರೊಡನೆ ಹಿರಿಯರ ಎಚ್ಚರಿಕೆಯೂ ಕೇಳಿಬರುವುದುಂಟು: ‘ಏಡಿ ತಿಂದ ಮೇಲೆ ಹಾಲು ಕುಡಿಯಬೇಡ.’ ಈ ನಿಷೇಧಕ್ಕೆ ಆಧಾರವುಂಟೆ? ನಿಜವಾದ ಅಪಾಯ ಎಲ್ಲಿದೆ? ಇದನ್ನು ನಾವಿಲ್ಲಿ ವಿಚಾರಿಸೋಣ.

ಮೀನು ಮತ್ತು ಹಾಲು ವಿರುದ್ಧಾಹಾರವೆಂದು ಚರಕಸಂಹಿತೆ ಹೇಳುತ್ತದೆ, ನಂಬಿಕೆ ಹಳೆಯದು. ಆದರೆ ಒಳ್ಳೆಯ ಏಡಿಯೂ ಒಳ್ಳೆಯ ಹಾಲೂ ಹೊಟ್ಟೆಯಲ್ಲಿ ಕೂಡಿದೊಡನೆ ವಿಷವೊಂದು ಹುಟ್ಟುವುದೆಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಆಧಾರವಿಲ್ಲ. ಸಿಗಡಿಯ ಮೇಲೆ ನಿಂಬೆರಸ ಹಿಂಡಿದರೆ ವಿಷವಾಗುವುದೆಂಬ ಮಾತೂ ಹಾಗೆಯೇ. ನಿಂಬೆರಸದಿಂದ ಮಾಂಸ ಬೆಳ್ಳಗಾಗಿ ಬೆಂದಂತೆ ಕಾಣುವುದು ನಿಜ. ಆದರೆ ಅದರಿಂದ ರೋಗಾಣುಗಳೆಲ್ಲವೂ ಸಾಯುವುದಿಲ್ಲ.

ಕೆಲವರಿಗೆ ಏಡಿ ಅಥವಾ ಸಿಗಡಿ ತಿಂದೊಡನೆ ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು ಉಂಟು. ಇದು ಒಗ್ಗದಿಕೆ. ಇದಕ್ಕೆ ಮುಖ್ಯ ಕಾರಣ ಈ ಜೀವಿಗಳ ಸ್ನಾಯುವಿನಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನು. ಬೇಯಿಸಿದರೂ ಅದರ ಗುಣ ಕೆಡದು. ಅಂಥವರು ಹಾಲನ್ನಲ್ಲ, ಏಡಿಯನ್ನೇ ಬಿಡಬೇಕು.

ಎರಡು ಚಿಪ್ಪುಗಳ ನಡುವೆ ಬದುಕುವ ಮೃದ್ವಂಗಿಗಳ ವಿಷಯ ಬೇರೆ. ಕರಾವಳಿಯ ಮರುವಾಯಿ, ಕಪ್ಪೆಚಿಪ್ಪು ಮೊದಲಾದುವು ನೀರನ್ನು ಒಳಗೆಳೆದು ಸೋಸಿ, ಅದರಲ್ಲಿನ ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ. ನೀರಿನಲ್ಲಿ ವಿಷವನ್ನುಂಟುಮಾಡುವ ಪ್ಲವಕಗಳು ಹೆಚ್ಚಿದಾಗ ಆ ವಿಷವೂ ಅವುಗಳ ಮೈಯಲ್ಲಿ ಶೇಖರವಾಗುತ್ತದೆ. 1983ರ ಏಪ್ರಿಲ್ ತಿಂಗಳಲ್ಲಿ, ಇಂದಿನ ಕಾಸರಗೋಡು ಜಿಲ್ಲೆಯ ಕುಂಬಳೆಯ ಬಳಿ, ಇಂತಹ ಚಿಪ್ಪುಗಳನ್ನು ತಿಂದ ಹಲವರು ಅಸ್ವಸ್ಥರಾದರು. ಒಬ್ಬ ಬಾಲಕನು ಮೃತನಾದನು. 1997ರಲ್ಲಿ ಕೇರಳದ ವಿಳಿಞ್ಞಂನಲ್ಲಿಯೂ ಇಂತಹುದೇ ದುರಂತ ನಡೆದು ಹಲವರು ಸತ್ತರು.

ಈ ವಿಷಗಳಲ್ಲಿ ಪ್ರಮುಖವಾದುದು ಸ್ಯಾಕ್ಸಿಟಾಕ್ಸಿನ್. ನರತಂತುಗಳೊಳಕ್ಕೆ ಸೋಡಿಯಂ ಅಯಾನುಗಳು ಹೋಗುವ ದ್ವಾರಗಳನ್ನು ಅದು ಮುಚ್ಚಿಬಿಡುತ್ತದೆ. ಮೊದಲು ತುಟಿ, ನಾಲಿಗೆ, ಬೆರಳುಗಳು ಜುಮುಗುಟ್ಟುತ್ತವೆ. ಬಳಿಕ ಕೈಕಾಲು ಸೋಲುತ್ತವೆ. ವಿಷ ಹೆಚ್ಚಾಗಿದ್ದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಕುದಿಸುವುದರಿಂದ ಈ ವಿಷ ನಾಶವಾಗದು. ಇದಕ್ಕೆ ಪ್ರತಿವಿಷವೂ ಇಲ್ಲ. ಆದರೆ ಆಸ್ಪತ್ರೆಯಲ್ಲಿ ಯಂತ್ರದ ನೆರವಿನಿಂದ ಉಸಿರಾಟವನ್ನು ನಡೆಯಿಸಿದರೆ ರೋಗಿಯು ಬದುಕಬಲ್ಲನು. ಆದುದರಿಂದ ಜುಮುಗುಟ್ಟುವಿಕೆ ಕಂಡೊಡನೆ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ನೀರಿನ ಬಣ್ಣ ಕೆಟ್ಟಿರುವಾಗ ಚಿಪ್ಪುಗಳನ್ನು ಆಯಲೂಬಾರದು. ಬಣ್ಣ ಕೆಡದಿದ್ದರೂ ವಿಷವಿರಬಹುದು. ಅಧಿಕಾರಿಗಳು ನಿಷೇಧಿಸಿದ ಕಾಲದಲ್ಲಿ ದೂರವಿರುವುದೇ ಲೇಸು.

ಗದ್ದೆಯ ಏಡಿಗೆ ಬರೋಣ. ಹಸಿಯಾದ ಅಥವಾ ಅರೆಬೆಂದ ಏಡಿಯಲ್ಲಿ ಶ್ವಾಸಕೋಶದ ಚಪ್ಪಟೆಹುಳುವಿನ ಮರಿಗಳಿರಬಹುದು. ಮಣಿಪುರದಲ್ಲಿ ಈ ಹುಳುವಿನಿಂದ ಕೆಮ್ಮಿ ರಕ್ತ ಕಾರಿದವರನ್ನು ಕ್ಷಯರೋಗಿಗಳೆಂದು ತಪ್ಪಾಗಿ ಭಾವಿಸಿದ್ದುಂಟು. ಚೆನ್ನಾಗಿ ಬೇಯಿಸಿದರೆ ಈ ಭಯವಿಲ್ಲ. ಏಡಿ ಸತ್ತೊಡನೆ ಅದರ ಮಾಂಸ ಬೇಗ ಕೊಳೆಯತೊಡಗುವುದರಿಂದ ಜೀವಂತವಾದುದನ್ನೇ ಅಡಿಗೆಗೆ ತರಬೇಕು.

1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲುಗಳನ್ನು ಕುಗ್ಗಿಸುವ ಬೇನೆ ಕಂಡಾಗ, ಕೀಟನಾಶಕ ಸೇರಿದ ಗದ್ದೆಗಳ ಏಡಿಗಳೇ ಕಾರಣವೆಂದು ಮೊದಲು ಶಂಕಿಸಲಾಯಿತು. ಅದು ಆನುವಂಶಿಕ ರೋಗವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಆದರೂ ಔಷಧಿ ಹೊಡೆದ ಗದ್ದೆಯಲ್ಲಿ ಸತ್ತು ಬಿದ್ದ ಏಡಿಯನ್ನು ತರುವುದು ಯಾವ ರೀತಿಯಲ್ಲೂ ಸರಿಯಲ್ಲ.

ಕೊನೆಗೆ, ಕೂಡಿಸಬಾರದುದೊಂದುಂಟು. ಮದ್ಯಪಾನದಿಂದಾಗಲಿ ಬೇರೆ ಕಾರಣದಿಂದಾಗಲಿ ಯಕೃತ್ತು ಕೆಟ್ಟವರು ಹಸಿಯ ಚಿಪ್ಪುಮಾಂಸವನ್ನು ತಿನ್ನಲೇಬಾರದು. ಸಮುದ್ರದ ನೀರಿನಲ್ಲಿರುವ ಕೆಲವು ವಿಬ್ರಿಯೋ ಬ್ಯಾಕ್ಟೀರಿಯಗಳು ಅವರಿಗೆ ಪ್ರಾಣಾಂತಕವಾಗಬಲ್ಲವು. ಉಳಿದವರೂ ಚಿಪ್ಪು ಬಾಯಿ ತೆರೆದ ಮೇಲೆ ಇನ್ನೂ ಐದು ನಿಮಿಷ ಕುದಿಸಿ, ತೆರೆಯದವನ್ನು ಬಿಸಾಡುವುದು ಒಳ್ಳೆಯದು.